ನ್ಯೂಮನ್ ಹೆಸರಿನಲ್ಲಿ ಆಡಿದವನು

ಇಂದಿರಾನಗರದ ನಮ್ಮ ಆಫೀಸಿಗೆ ಆ ಕ್ಲಬ್ಬಿನ ಇತಿಹಾಸ ನಾಲ್ಕು ಹಾರ್ಡ್ ಡಿಸ್ಕುಗಳಲ್ಲಿ ಬಂತು. ಉತ್ತರ ಇಂಗ್ಲೆಂಡಿನ ಒಂದು ಹತ್ತಿ ಗಿರಣಿಗಳ ಊರಿನ ರಗ್ಬಿ ಲೀಗ್ ಕ್ಲಬ್ಬು ಅದು. ನೂರು ವರ್ಷ ದಾಟಿದ್ದರೂ ಇವತ್ತಿಗೂ ಸಂಬಳದ ಆಟಗಾರರನ್ನು ಇಟ್ಟುಕೊಂಡು ಆಡುತ್ತಿರುವಂಥದ್ದು. ಪಂದ್ಯದ ದಿನ ಮಾರುತ್ತಿದ್ದ ಕಿರುಪುಸ್ತಕಗಳು, ಊರಿನ ಪತ್ರಿಕೆಯ ತುಣುಕುಗಳು, ತಂಡದ ಫೋಟೊಗಳು, ಸಮಿತಿಯ ನಡಾವಳಿ ಪುಸ್ತಕಗಳು, ಎಲ್ಲವನ್ನೂ ಅಲ್ಲಿ ಸ್ಕ್ಯಾನ್ ಮಾಡಿ ಕಳಿಸಿದ್ದರು. ಅವನ್ನು ಓದಿ, ವಿಂಗಡಿಸಿ, ಹುಡುಕಿದರೆ ಸಿಗುವ ಹಾಗೆ ಮಾಡುವುದು ನಮ್ಮ ಕೆಲಸ. ನಾನು ಆ ಕೆಲಸಕ್ಕೆ ಟೀಮ್ ಲೀಡ್. ಚೆಂಡು ಮೊಟ್ಟೆಯ ಆಕಾರದಲ್ಲಿರುತ್ತದೆ ಎನ್ನುವುದನ್ನು ಬಿಟ್ಟರೆ ರಗ್ಬಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ಕಲಿಸಿದವರು ಕ್ಲಬ್ಬಿನ ಇತಿಹಾಸಕಾರರು. ನಿವೃತ್ತ ಅಂಚೆಯವರು, ಎಪ್ಪತ್ತು ದಾಟಿದ್ದರು, ಸಂಬಳವಿಲ್ಲದೆ ಈ ಕೆಲಸವನ್ನು ಹೊತ್ತುಕೊಂಡಿದ್ದರು. ಪ್ರತಿ ಮಂಗಳವಾರ ನಮ್ಮ ಸಂಜೆ ಐದೂವರೆಗೆ, ಅವರ ಊಟದ ಹೊತ್ತಿಗೆ, ವೀಡಿಯೊದಲ್ಲಿ ಬರುತ್ತಿದ್ದರು. ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದುಕೊಂಡೇ ಪಾಠ ಹೇಳುತ್ತಿದ್ದರು. ಗಣಿಯಲ್ಲಿ, ಗಿರಣಿಯಲ್ಲಿ ದುಡಿಯುವವರು ಶನಿವಾರ ಆಡಲು ಬಂದರೆ ಆ ಹೊತ್ತಿನ ಕೂಲಿ ಹೋಗುತ್ತಿತ್ತು. ಆ ಕೂಲಿಯನ್ನು ನಾವು ಕಟ್ಟಿಕೊಡುತ್ತೇವೆ ಎಂದ ಉತ್ತರದ ಕ್ಲಬ್ಬುಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಒಡೆದು ಬೇರೆಯಾದವು. ಅದೇ ರಗ್ಬಿ ಲೀಗ್, ತಂಡಕ್ಕೆ ಹದಿಮೂರು ಜನ. ಹಳೆಯ ಬಣಕ್ಕೆ ರಗ್ಬಿ ಯೂನಿಯನ್ ಎಂದು ಹೆಸರು. ಲೀಗ್‌ನಲ್ಲಿ ಒಂದೇ ಒಂದು ಪಂದ್ಯ ಆಡಿದ್ದು ಗೊತ್ತಾದರೂ ಸಾಕು, ಯೂನಿಯನ್ನಿನವರು ಆ ಮನುಷ್ಯನನ್ನು ಜೀವಮಾನಕ್ಕೆ ಹೊರಗಿಡುತ್ತಿದ್ದರು.

ಹಾಗಾಗಿ ವೇಲ್ಸ್ ಕಡೆಯಿಂದ ಅದೃಷ್ಟ ಪರೀಕ್ಷೆಗೆ ಬರುವ ಹುಡುಗರು ಸುಳ್ಳು ಹೆಸರಿನಲ್ಲಿ ಆಡುತ್ತಿದ್ದರು. ಆಯ್ಕೆಯಾಗದಿದ್ದರೆ ಸದ್ದಿಲ್ಲದೆ ವಾಪಸ್ಸು ಹೋಗಿ ತಮ್ಮ ಊರಿನ ಯೂನಿಯನ್ ತಂಡವನ್ನು ಸೇರಿಕೊಳ್ಳಬೇಕಲ್ಲ. ಪತ್ರಿಕೆಯವರಿಗೂ ಇದು ಗೊತ್ತಿತ್ತು, ಅವರೂ ಆ ಸುಳ್ಳು ಹೆಸರನ್ನೇ ಅಚ್ಚು ಹಾಕುತ್ತಿದ್ದರು. ಹೆಚ್ಚಾಗಿ ‘ನ್ಯೂಮನ್’, ಅಂದರೆ ಹೊಸಬ. ನಮ್ಮ ಪಟ್ಟಿಯಲ್ಲಿ ಏಳು ನ್ಯೂಮನ್‌ಗಳಿದ್ದರು. ಒಬ್ಬ ಅಂಚಿನಲ್ಲಿ ಓಡುವವನು, ಇನ್ನೊಬ್ಬ ಮುಂದೆ ನಿಂತು ಗುದ್ದಾಡುವವನು, ಒಬ್ಬನಿಗೂ ಇನ್ನೊಬ್ಬನಿಗೂ ಸಂಬಂಧವಿಲ್ಲ.

ಕ್ಲಬ್ಬಿಗೆ ನಮ್ಮಿಂದ ಮುಖ್ಯವಾಗಿ ಬೇಕಾಗಿದ್ದದ್ದು ಹೆರಿಟೇಜ್ ನಂಬರ್‌ಗಳ ಪಟ್ಟಿ. ಕ್ಲಬ್ಬಿನ ಪರವಾಗಿ ಮೊಟ್ಟಮೊದಲ ಪಂದ್ಯ ಆಡಿದವನು ಒಂದು. ಅಲ್ಲಿಂದ ಮೈದಾನಕ್ಕಿಳಿದ ಕ್ರಮದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ. ಒಂದೇ ದಿನ ಇಬ್ಬರು ಮೊದಲ ಬಾರಿ ಆಡಿದ್ದರೆ ಆಡಿದ ಸ್ಥಾನದ ಪ್ರಕಾರ ಹಿಂದೆ ಮುಂದೆ. ಮುನ್ನೂರು ಪಂದ್ಯ ಆಡಿದವನಿಗೂ ಒಂದೇ ಸಂಖ್ಯೆ, ಅರ್ಧ ಪಂದ್ಯ ಆಡಿ ಕುಂಟುತ್ತ ಹೋದವನಿಗೂ ಒಂದೇ ಸಂಖ್ಯೆ. ಈಗಿನ ಆಟಗಾರರು ಅದನ್ನು ಜೆರ್ಸಿಯ ಮೇಲೆ ಲಾಂಛನದ ಕೆಳಗೆ ಹೊಲಿಸಿಕೊಳ್ಳುತ್ತಾರೆ. ಸತ್ತವರ ಮನೆಯವರಿಗೆ ಪ್ರಮಾಣಪತ್ರ ಹೋಗುತ್ತದೆ. ಒಂದು ಪಂದ್ಯ ಆಡಿದವನಿಗೂ ನಂಬರ್ ಇದೆ ಎನ್ನುವುದನ್ನು ಇತಿಹಾಸಕಾರರು ಮೊದಲ ದಿನವೇ ಒತ್ತಿ ಹೇಳಿದ್ದರು, ನಾನು ಅದನ್ನು ನಮ್ಮವರಿಗೆ ಅಷ್ಟೇ ಒತ್ತಿ ಹೇಳಿದ್ದೆ.

ಪ್ರತಿ ಹೆಸರಿಗೂ ಎರಡು ಆಧಾರ ಬೇಕು ಎಂಬುದು ನಿಯಮ. ಪಂದ್ಯದ ಕಿರುಪುಸ್ತಕವನ್ನು ಮೊದಲೇ ಅಚ್ಚು ಮಾಡಿರುತ್ತಾರೆ, ಆಮೇಲೆ ತಂಡ ಬದಲಾಗಿರಬಹುದು. ಆದ್ದರಿಂದ ಮರುದಿನದ ಪತ್ರಿಕೆಯ ವರದಿಯ ಜೊತೆ ತಾಳೆ ನೋಡಬೇಕು. ಸುಳ್ಳು ಹೆಸರಿನವರಿಗೆ ಮಾತ್ರ ಒಂದು ವಿನಾಯಿತಿ: ಸಮಿತಿಯ ನಡಾವಳಿ ಪುಸ್ತಕದಲ್ಲಿ ನಿಜವಾದ ಹೆಸರು ಸಿಕ್ಕರೆ ಅದೊಂದೇ ಸಾಕು. ಏಳು ನ್ಯೂಮನ್‌ಗಳಲ್ಲಿ ನಾಲ್ವರ ಹೆಸರು ಹಾಗೆ ಸಿಕ್ಕಿ ನಾಲ್ವರಿಗೂ ಸಂಖ್ಯೆ ಕೊಟ್ಟಾಗಿತ್ತು. ಇಬ್ಬರ ಬಗ್ಗೆ ಎಲ್ಲೂ ಏನೂ ಇರಲಿಲ್ಲ, ಅವರಿಗೆ ಸಂಖ್ಯೆಯೂ ಇಲ್ಲ. ಉಳಿದವನು ಒಬ್ಬ.

ನಡಾವಳಿ ಪುಸ್ತಕಗಳನ್ನು ಓದುತ್ತಿದ್ದದ್ದು ನಮ್ಮ ಪರಿಶೀಲಕಿ. ಐವತ್ತು ದಾಟಿದ ಹೆಂಗಸು. ಶಿವಾಜಿನಗರದ ಒಂದು ಮುದ್ರಣಾಲಯದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಪ್ರೂಫ್ ನೋಡಿದ್ದವರು. ಅದು ಮುಚ್ಚಿದ ಮೇಲೆ ಗುತ್ತಿಗೆಯ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಹಲಸೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು, ಆದರೂ ಇಡೀ ಆಫೀಸಿಗೆ ಅವರೇ ಮೊದಲು. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಕೆಲಸವೆಲ್ಲ ಇಂಗ್ಲಿಷ್. ಹಳೆಯ ಕೈಬರಹ ಓದಲು ಅವರು ತಮ್ಮದೇ ವಿಧಾನ ಮಾಡಿಕೊಂಡಿದ್ದರು. ಕ್ಲಬ್ಬಿನ ಒಬ್ಬೊಬ್ಬ ಕಾರ್ಯದರ್ಶಿಗೂ ಒಂದೊಂದು ಹಾಳೆ. ಅವನು ಬರೆದ, ಸಂಶಯವಿಲ್ಲದೆ ಓದಲು ಬರುವ ಪದಗಳಿಂದ ಅಕ್ಷರಗಳನ್ನು ಕತ್ತರಿಸಿ ಆ ಹಾಳೆಗೆ ಅಂಟಿಸುವುದು. ಅವನ ‘ಆರ್’ ಹೀಗೆ, ‘ಎಸ್’ ಹೀಗೆ. ಗೊತ್ತಾಗದ ಪದ ಬಂದರೆ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಹೋಲಿಸಿ ನೋಡುತ್ತಿದ್ದರು.

“ಇವನು ಅವಸರದವನು ಸಾರ್” ಎನ್ನುತ್ತಿದ್ದರು ಒಬ್ಬ ಕಾರ್ಯದರ್ಶಿಯ ಬಗ್ಗೆ. “ಪದದ ಬಾಲ ನುಂಗ್ಬಿಡ್ತಾನೆ. ಹೊಟ್ಟೆ ಹಸಿದಿರುತ್ತೋ ಏನೋ.”

ಪಟ್ಟಿಯನ್ನು ಕ್ಲಬ್ಬಿಗೆ ಒಪ್ಪಿಸುವ ದಿನ ಒಂದು ಶುಕ್ರವಾರ. ಆಮೇಲೆ ಸಂಖ್ಯೆಗಳನ್ನು ಬದಲಿಸುವಂತಿಲ್ಲ. ಪ್ರಮಾಣಪತ್ರಗಳ ಮೊದಲ ಕಂತು ಅಚ್ಚಿಗೆ ಸಿದ್ಧವಾಗಿತ್ತು. ಹಿಂದಿನ ದಿನ, ಗುರುವಾರ ಮಧ್ಯಾಹ್ನ, ತೀರ್ಮಾನವಾಗದ ಹೆಸರುಗಳನ್ನು ಬರೆದಿಡುವ ಸಂಶಯಗಳ ಹಾಳೆ ತೆರೆದು ನೋಡಿದೆ. ಎಲ್ಲ ಬಗೆಹರಿದು ಒಂದೇ ಒಂದು ಉಳಿದಿತ್ತು. ಪರಿಶೀಲಕಿ ಆವತ್ತು ಬೆಳಿಗ್ಗೆ ಹಾಕಿದ್ದು. ಎರಡನೆಯ ಮಹಾಯುದ್ಧದ ನಂತರದ ಒಂದು ಚಳಿಗಾಲದ ನಡಾವಳಿ. ಆ ಅವಸರದ ಕಾರ್ಯದರ್ಶಿ ಅಂಚಿನಲ್ಲಿ ಎರಡು ಸಾಲು ಬರೆದಿದ್ದ: ಶನಿವಾರ ನ್ಯೂಮನ್ ಎಂದು ಆಡಿದವನು ಇಂಥವನು, ವೇಲ್ಸಿನ ಇಂಥ ಹಳ್ಳಿಯವನು, ರೈಲಿನ ಖರ್ಚು ಕೊಟ್ಟಿದೆ, ಮಂಡಿಗೆ ಪೆಟ್ಟು, ಸೇರಿಸಿಕೊಳ್ಳುವುದು ಬೇಡ.

ಈ ಮನುಷ್ಯನನ್ನು ಸೇರಿಸಿದರೆ ಅವನದು ಮುನ್ನೂರ ಹದಿನೆಂಟು. ಆಗ ಈಗಿನ ಮುನ್ನೂರ ಹದಿನೆಂಟರಿಂದ ಹಿಡಿದು ಇವತ್ತು ಆಡುತ್ತಿರುವವರ ತನಕ ಎಲ್ಲರೂ ಒಂದೊಂದು ಸ್ಥಾನ ಕೆಳಗೆ ಸರಿಯುತ್ತಾರೆ. ಪಟ್ಟಿಯಲ್ಲಿ ಅದು ಒಂದು ಕ್ಷಣದ ಕೆಲಸ. ಆದರೆ ಪ್ರಮಾಣಪತ್ರಗಳನ್ನು ಮತ್ತೆ ತಯಾರಿಸಿ, ಒಂದೊಂದನ್ನೂ ಮತ್ತೆ ತಾಳೆ ನೋಡಬೇಕು. ಎರಡು ದಿನ, ಹೆಚ್ಚೆಂದರೆ ಮೂರು. ಸೋಮವಾರಕ್ಕೆ ಮುಂದೂಡಿ ಎಂದು ಕೇಳಿದ್ದರೆ ಇತಿಹಾಸಕಾರರು ಬೇಡ ಎನ್ನುತ್ತಿರಲಿಲ್ಲ. ನಾನು ಕೇಳಲಿಲ್ಲ. ಶುಕ್ರವಾರದ ವರದಿಯಲ್ಲಿ ‘ಬಗೆಹರಿಯದ ಸಂಶಯಗಳು’ ಎನ್ನುವ ಒಂದು ಕಾಲಂ ಇರುತ್ತದೆ. ಅದರಲ್ಲಿ ಸೊನ್ನೆ ಹಾಕುತ್ತೇನೆ ಎಂದು ಮ್ಯಾನೇಜರ್ ಮುಂದೆ ಹೇಳಿದ್ದೆ. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇತ್ತೇ ಎಂದು ಆಮೇಲೆ ಎಷ್ಟೋ ಸಲ ಹುಡುಕಿದ್ದೇನೆ. ಇರಲಿಲ್ಲ.

ಪರಿಶೀಲಕಿಯ ಕುರ್ಚಿಯ ಹಿಂದೆ ಹೋಗಿ ನಿಂತೆ.

“ಮೇಡಂ, ಇದೊಂದು ಕ್ಲೋಸ್ ಮಾಡ್ಬಿಡಿ.”

“ಸೇರಿಸ್ಕೊಂಡ್ರಾ ಸಾರ್?”

“ಇಲ್ಲ. ಅಕ್ಷರ ಕ್ಲಿಯರ್ ಇಲ್ಲ ಅಂತ ಹಾಕಿ.”

ಅವರು ತಿರುಗಿ ನೋಡಿದರು. “ಕ್ಲಿಯರ್ ಇದೆಯಲ್ಲ ಸಾರ್. ಓದಿ ಬರ್ದಿದ್ದೀನಲ್ಲ. ಎರಡು ಸಲ ಚಾರ್ಟ್ ಜೊತೆ ಹೋಲ್ಸಿ ನೋಡ್ದೆ.”

“ಒಂದೇ ಮ್ಯಾಚ್ ಆಡ್ದೋನು ಮೇಡಂ. ಯಾರು ಕೇಳ್ತಾರೆ ಅವನ್ನ? ಮುಂದಿನ ಫೇಸ್‌ನಲ್ಲಿ ನೋಡೋಣ.”

“ಒಂದು ಮ್ಯಾಚ್ ಆಡಿದ್ರೂ ನಂಬರ್ ಇದೆ ಅಂತ ನೀವೇ ಹೇಳಿದ್ರಿ.”

“ಪ್ಲೀಸ್ ಮೇಡಂ. ನಾನು ಹೇಳ್ತಾ ಇದ್ದೀನಲ್ಲ.”

ಅವರು ಪರದೆಯ ಕಡೆ ತಿರುಗಿದರು. ‘ಓದಲಾಗದು’ ಎಂದು ಟೈಪ್ ಮಾಡಿ ಸಂಶಯವನ್ನು ಮುಚ್ಚಿದರು. ಲಾಗ್‌ನಲ್ಲಿ ಅವರ ಹೆಸರು, ಆ ಹೊತ್ತಿನ ಗಂಟೆ ನಿಮಿಷ ದಾಖಲಾಯಿತು. ಅವರು ಎಂಟರ್ ಒತ್ತುವವರೆಗೂ ನಾನು ಅಲ್ಲೇ ನಿಂತಿದ್ದೆ. ಆಮೇಲೆ ನನ್ನ ಜಾಗಕ್ಕೆ ಬಂದು ವರದಿಯಲ್ಲಿ ಸೊನ್ನೆ ತುಂಬಿದೆ.

ಕ್ಲಬ್ಬಿನ ವೆಬ್‌ಸೈಟ್ ಶುರುವಾದ ದಿನ ಅಲ್ಲಿ ದೊಡ್ಡ ಸಮಾರಂಭವಾಯಿತು. ವಯಸ್ಸಾದ ಆಟಗಾರರು ಒಬ್ಬೊಬ್ಬರಾಗಿ ಮೈದಾನದ ನಡುವೆ ಬಂದು ಚೌಕಟ್ಟು ಹಾಕಿದ ಪ್ರಮಾಣಪತ್ರ ತೆಗೆದುಕೊಂಡರು. ಒಬ್ಬರು ವ್ಹೀಲ್‌ಚೇರಿನಲ್ಲಿ ಬಂದರು. ಇನ್ನೊಬ್ಬ ಮಾಜಿ ಆಟಗಾರ ತನ್ನ ಸಂಖ್ಯೆಯನ್ನು ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಂಡು ಬಂದಿದ್ದ. ಇತಿಹಾಸಕಾರರು ಆ ಫೋಟೊ ಕಳಿಸಿ, ನೋಡಿ ನಿಮ್ಮ ಕೆಲಸ ಎಲ್ಲಿಯವರೆಗೆ ಹೋಗಿದೆ ಎಂದು ಬರೆದರು. ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದೆವು. ಪರಿಶೀಲಕಿಯೂ ತಿಂದರು.

ಎಂಟು ತಿಂಗಳಾದ ಮೇಲೆ ವೇಲ್ಸಿನಿಂದ ಕ್ಲಬ್ಬಿಗೆ ಒಂದು ಮೇಲ್ ಬಂತು. ಬರೆದವರು ಎಂಬತ್ತರ ಹತ್ತಿರದ ಒಬ್ಬ ಮಹಿಳೆ. ಅವರ ತಂದೆ ಕಲ್ಲಿದ್ದಲು ಗಣಿಯಲ್ಲಿದ್ದವರು, ಜೀವನವಿಡೀ ಒಂದು ಕಾಲು ಎಳೆದು ನಡೆದವರು. ಗಣಿಯಲ್ಲಿ ಬಿದ್ದ ಪೆಟ್ಟು ಎಂದೇ ಎಲ್ಲರಿಗೂ ಹೇಳಿದ್ದರಂತೆ. ತೀರಿಕೊಳ್ಳುವ ವರ್ಷ ಮಗಳನ್ನು ಹತ್ತಿರ ಕರೆದು, ಅದು ಗಣಿಯದಲ್ಲ, ನಾನು ಒಂದು ಶನಿವಾರ ಉತ್ತರಕ್ಕೆ ಹೋಗಿ ಬೇರೆ ಹೆಸರಿನಲ್ಲಿ ಆಡಿದ್ದೆ ಎಂದು ಹೇಳಿದರಂತೆ. ಒಂದು ಪತ್ರಿಕೆಯ ತುಣುಕು ಕೊಟ್ಟಿದ್ದರು. ತಂಡದ ಪಟ್ಟಿಯಲ್ಲಿ ‘ನ್ಯೂಮನ್’ ಎನ್ನುವ ಹೆಸರಿನ ಕೆಳಗೆ ಪೆನ್ಸಿಲ್ಲಿನ ಗೆರೆ. ನನ್ನ ತಂದೆಯ ಬಗ್ಗೆ ನಿಮ್ಮಲ್ಲಿ ಏನಾದರೂ ಇದೆಯೇ ಎಂದು ಮಗಳು ಕೇಳಿದ್ದರು.

ಇತಿಹಾಸಕಾರರು ತಾವೇ ಆ ಚಳಿಗಾಲದ ನಡಾವಳಿ ಪುಸ್ತಕ ತೆರೆದು ನೋಡಿದರು. ಆಮೇಲೆ ನಮ್ಮ ಮ್ಯಾನೇಜರ್‌ಗೆ ಎರಡು ಸಾಲು ಬರೆದರು. ಹೆಸರು ಅಂಚಿನಲ್ಲೇ ಇದೆ. ಕನ್ನಡಕವಿಲ್ಲದೆಯೂ ನನಗೆ ಓದಲು ಬಂತು. ನಿಮ್ಮವರಿಗೆ ಹೇಗೆ ತಪ್ಪಿತು?

ಮ್ಯಾನೇಜರ್ ಲಾಗ್ ತೆಗೆದರು. ಸಂಶಯ ಎತ್ತಿದ್ದು ಪರಿಶೀಲಕಿ. ಅದೇ ದಿನ ಮುಚ್ಚಿದ್ದೂ ಪರಿಶೀಲಕಿ. ನಮ್ಮಿಬ್ಬರನ್ನೂ ಒಳಗೆ ಕರೆದರು.

“ಬೆಳಿಗ್ಗೆ ನೀವೇ ಓದಿ ಹೆಸರು ಬರ್ದಿದ್ದೀರ. ಮಧ್ಯಾಹ್ನ ನೀವೇ ಓದಕ್ಕಾಗಲ್ಲ ಅಂತ ಹಾಕಿದ್ದೀರ. ಏನ್ ಮೇಡಂ ಇದು?”

ಅವರು ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪ್ ನೋಡುತ್ತಿದ್ದೆ. ಪರದೆಯ ಮೇಲೆ ಏನೂ ಇರಲಿಲ್ಲ, ನೋಡುತ್ತಿದ್ದೆ ಅಷ್ಟೆ.

“ಆವತ್ತು ಹಾಗಾಯ್ತು ಸಾರ್” ಎಂದರು ಅವರು.

“ನಿಮಗೆ ಗೊತ್ತಿತ್ತೇನ್ರೀ?” ಮ್ಯಾನೇಜರ್ ನನ್ನನ್ನು ಕೇಳಿದರು.

“ಲಾಸ್ಟ್ ವೀಕ್‌ನಲ್ಲಿ ತುಂಬಾ ಕ್ವೆರಿಗಳಿದ್ವು ಸಾರ್” ಎಂದೆ. “ಇದು ನನಗೆ ನೆನಪಾಗ್ತಿಲ್ಲ.”

ನನ್ನ ಕಿವಿಗೆ ನನ್ನ ದನಿ ಸಹಜವಾಗಿಯೇ ಕೇಳಿಸಿತು. ಅದು ಇವತ್ತಿಗೂ ನನ್ನನ್ನು ಹೆದರಿಸುತ್ತದೆ.

ತಿಂಗಳ ಕೊನೆಗೆ ಅವರ ಗುತ್ತಿಗೆ ಮುಗಿಯುವುದಿತ್ತು. ಮುಂದುವರಿಸುವುದಿಲ್ಲ ಎಂದು ಮ್ಯಾನೇಜರ್ ಅವರಿಗೆ ತಿಳಿಸಿದರು. ಕೊನೆಯ ದಿನ ಅವರು ಡ್ರಾಯರ್ ಖಾಲಿ ಮಾಡಿ, ಅಕ್ಷರಗಳ ಹಾಳೆಗಳ ಕಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟರು.

“ಇನ್ನು ಯಾರು ಓದ್ತಾರೋ ಅವ್ರಿಗೆ ಬೇಕಾಗುತ್ತೆ ಸಾರ್.”

ಅಷ್ಟೇ ಹೇಳಿ ಹೋದರು. ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲಿಲ್ಲ. ಆಟಗಾರರ ಹೆಸರು ಹುಡುಕುವುದು ಮುಗಿದಿದ್ದರೂ, ಎರಡನೆಯ ಹಂತದಲ್ಲಿ ಪೂರ್ತಿ ಟೈಪ್ ಮಾಡಬೇಕಿದ್ದ ನಡಾವಳಿ ಪುಸ್ತಕಗಳನ್ನು ನಾನೇ ಓದಬೇಕಾಯಿತು. ಹನ್ನೊಂದು ದಿನ ಹಾಗೆ ಕಳೆದೆ. ಆ ಹನ್ನೊಂದು ದಿನದಲ್ಲಿ ಹೊಸ ತಿಪ್ಪಸಂದ್ರದ ನನ್ನ ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಹೋಗಿ ಬಂದೆ, ಮಾರ್ಕೆಟ್ ರೋಡಿನಲ್ಲಿ ತರಕಾರಿ ಕೊಂಡೆ, ಯಾರಾದರೂ ಕೇಳಿದರೆ ಆರಾಮಾಗಿದ್ದೇನೆ ಎಂದೆ. ಅವರಿಗೂ ಗೊತ್ತಿತ್ತಲ್ಲ, ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ಒಳಗೊಳಗೇ ವಾದ ಮಾಡುತ್ತಿದ್ದೆ. ಎಂಟರ್ ಒತ್ತಿದ್ದು ಅವರ ಬೆರಳೇ ಅಲ್ಲವೇ ಎಂದೂ ಒಮ್ಮೆ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಬರೆಯುವಾಗ ಈಗ ಮುಖ ಬಿಸಿಯಾಗುತ್ತಿದೆ.

ಹನ್ನೆರಡನೆಯ ದಿನ, ಒಂದು ಶನಿವಾರ, ಆ ಅವಸರದ ಕಾರ್ಯದರ್ಶಿಯ ಇನ್ನೊಂದು ಪುಟ ನನಗೆ ಅರ್ಥವಾಗದೆ ಅವನ ಅಕ್ಷರಗಳ ಹಾಳೆಯನ್ನು ಮತ್ತೆ ತೆಗೆದು, ಈ ಸಲ ಹತ್ತಿರದಿಂದ ನೋಡಿದೆ. ಒಂದೊಂದು ಅಕ್ಷರದ ಚೂರಿನ ಕೆಳಗೂ ಅದನ್ನು ಯಾವ ಪುಟ, ಯಾವ ಸಾಲಿನಿಂದ ತೆಗೆದದ್ದು ಎಂದು ಅವರು ಸಣ್ಣದಾಗಿ ಬರೆದಿದ್ದರು. ಅದರಲ್ಲಿ ಐದು ಅಕ್ಷರಗಳನ್ನು ತೆಗೆದದ್ದು ಆ ವೇಲ್ಸಿನವನ ಹೆಸರಿನಿಂದಲೇ. ಆ ಕೈಬರಹದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿರುವ ಪದ ಅದೇ ಎಂದು ಅವರು ಮಾದರಿಗೆ ಅದನ್ನೇ ಆರಿಸಿಕೊಂಡಿದ್ದರು. ಬೇರೆ ಪುಟಗಳನ್ನು ಓದಲು ನಾನು ಆ ಹನ್ನೊಂದು ದಿನ ಬಳಸುತ್ತಿದ್ದದ್ದು ಆ ಮನುಷ್ಯನ ಹೆಸರಿನ ಅಕ್ಷರಗಳನ್ನು.

ಮರುದಿನ ಭಾನುವಾರ ಬೆಳಿಗ್ಗೆ ಹಲಸೂರಿಗೆ ಹೋದೆ. ಕೆರೆಯ ಹಿಂದಿನ ಗಲ್ಲಿಯೊಂದರಲ್ಲಿ ಅವರ ಮನೆ. ಬಾಗಿಲಲ್ಲಿ ಅವರ ತಂದೆ ತಮಿಳು ಪೇಪರ್ ಓದುತ್ತ ಕೂತಿದ್ದರು. ಮಗಳು ಅಂಗಡಿಗೆ ಹೋಗಿದ್ದಾಳೆ, ಕೂತ್ಕೊಳ್ಳಿ ಎಂದು ಒಳಗೆ ಕರೆದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಒಂದು ಫುಟ್‌ಬಾಲ್ ತಂಡದ ಕಪ್ಪು ಬಿಳುಪು ಫೋಟೊ. ನಾನು ಯಾವ ಆಫೀಸಿನವನು ಎಂದು ಗೊತ್ತಾದ ಕೂಡಲೇ ಅವರು ಕೇಳಿದರು:

“ಆ ಬಿಳಿಯರ ಹುಡ್ಗ ಏನಾದ? ಬೇರೆ ಹೆಸ್ರಲ್ಲಿ ಆಡ್ದೋನು. ಮಗಳು ಹೇಳ್ತಿದ್ಲು.”

ಅವರು ಫೋಟೊ ತೋರಿಸಿದರು. ಅವರು ಫ್ಯಾಕ್ಟರಿಯಲ್ಲಿದ್ದಾಗ ಫ್ಯಾಕ್ಟರಿ ತಂಡಕ್ಕೆ ಬಿಟ್ಟು ಬೇರೆಲ್ಲೂ ಆಡುವಂತಿರಲಿಲ್ಲವಂತೆ. ಆದರೂ ಭಾನುವಾರ ಕಂಟೋನ್ಮೆಂಟಿನ ಒಂದು ಕ್ಲಬ್ಬಿಗೆ ಇನ್ನೊಬ್ಬನ ಹೆಸರಿನಲ್ಲಿ ಆಡಿದರು. ಫೋಟೊದ ಕೆಳಗೆ ಅಚ್ಚಾಗಿರುವುದು ಆ ಇನ್ನೊಬ್ಬನ ಹೆಸರು.

“ಅವ್ನಿಗೆ ಬಾಲ್ ಮುಟ್ಟೋಕೇ ಬರ್ತಿರ್ಲಿಲ್ಲ” ಎಂದು ಅವರು ನಕ್ಕರು. “ಅವ್ನ ಮೊಮ್ಮಕ್ಳು ಈ ಫೋಟೊ ಮನೇಲಿ ಇಟ್ಕೊಂಡಿದ್ದಾರಂತೆ. ತಾತ ದೊಡ್ಡ ಪ್ಲೇಯರ್ ಅಂತ.”

ಅಷ್ಟರಲ್ಲಿ ಪರಿಶೀಲಕಿ ಬಂದರು. ನನ್ನನ್ನು ನೋಡಿ ಚೀಲವನ್ನು ಕೆಳಗಿಡದೆ ಹಾಗೆಯೇ ನಿಂತರು.

“ಸಾರಿ ಕೇಳೋಕೆ ಬಂದೆ ಮೇಡಂ.”

“ಆಫೀಸಲ್ಲಿ ಹೇಳಿದ್ರಾ?”

“ಇಲ್ಲ. ಮೊದಲು ನಿಮ್ಮ ಹತ್ರ ಹೇಳೋಣ ಅಂತ…”

“ನನಗೆ ಗೊತ್ತಿರೋದನ್ನ ನನಗೇ ಬಂದು ಹೇಳ್ತೀರಲ್ಲ ಸಾರ್.”

“ಆವತ್ತು ಮೀಟಿಂಗ್‌ನಲ್ಲಿ ನೀವ್ಯಾಕೆ ಹೇಳ್ಲಿಲ್ಲ?” ಕೇಳಬಾರದಾಗಿತ್ತು, ಕೇಳಿಬಿಟ್ಟೆ.

ಅವರು ಚೀಲ ಕೆಳಗಿಟ್ಟರು. “ನೀವು ಹೇಳ್ತೀರ ಅಂತ ಕಾದೆ. ಅವ್ರು ನಿಮ್ಮನ್ನ ಕೇಳಿದಾಗ ಈಗ ಹೇಳ್ತೀರ ಅಂದ್ಕೊಂಡೆ. ನೆನಪಿಲ್ಲ ಅಂದ್ರಿ. ಅದಾದ್ಮೇಲೆ ನಾನು ಹೇಳಿದ್ರೆ ಏನಾಗ್ತಿತ್ತು? ಲೀಡ್ ಮೇಲೆ ಗೂಬೆ ಕೂರಿಸ್ತಾಳೆ ಅಂತಿದ್ರು.” ಆಮೇಲೆ, “ಪ್ರೂಫ್ ನೋಡೋ ಕೆಲ್ಸದಲ್ಲಿ ಇಷ್ಟು ವರ್ಷದಲ್ಲಿ ಓದಕ್ಕೆ ಬರಲ್ಲ ಅಂತ ನಾನು ಯಾವತ್ತೂ ಬರ್ದಿರ್ಲಿಲ್ಲ ಸಾರ್. ನಿಮ್ಮ ಮಾತಿಗೆ ಬರ್ದೆ. ಅದು ನನ್ನ ತಪ್ಪು” ಎಂದರು.

ಅವರ ತಂದೆ ಪೇಪರ್ ಮಡಿಸಿ ಒಳಗೆ ಎದ್ದು ಹೋದರು. ನಾನು ಮೆಟ್ರೊ ಹತ್ತಲಿಲ್ಲ, ಮನೆಯ ತನಕ ನಡೆದೇ ಬಂದೆ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಯಾರೂ ಬರುವ ಮೊದಲೇ ಆಫೀಸಿಗೆ ಹೋಗಿ ಮೇಲ್ ಬರೆದೆ. ಮೊದಲು ಉದ್ದಕ್ಕೆ ಬರೆದೆ. ಒತ್ತಡ, ಗಡುವು, ಪ್ರಮಾಣಪತ್ರಗಳು ಎಲ್ಲ ಬಂದವು. ಓದಿ ನೋಡಿ ಅಳಿಸಿದೆ. ಉಳಿದದ್ದು ಇಷ್ಟು: ಹೆಸರು ಸ್ಪಷ್ಟವಾಗಿತ್ತು, ಪರಿಶೀಲಕಿ ಅದನ್ನು ಸರಿಯಾಗಿ ಓದಿ ಸಂಶಯದ ಹಾಳೆಯಲ್ಲಿ ದಾಖಲಿಸಿದ್ದರು, ಓದಲಾಗದು ಎಂದು ಬರೆದು ಮುಚ್ಚಲು ನಾನು ಅವರಿಗೆ ಹೇಳಿದೆ, ಅವರು ಒಪ್ಪದಿದ್ದರೂ ಒತ್ತಾಯಿಸಿದೆ, ವಿಚಾರಣೆಯಲ್ಲಿ ನೆನಪಿಲ್ಲ ಎಂದು ಸುಳ್ಳು ಹೇಳಿದೆ. ಮ್ಯಾನೇಜರ್‌ಗೆ ಮಾತ್ರ ಕಳಿಸಿದರೆ ವಿಷಯ ಅಲ್ಲಿಗೇ ನಿಲ್ಲುತ್ತದೆ ಎಂದು ಗೊತ್ತಿತ್ತು. ಇತಿಹಾಸಕಾರರ ವಿಳಾಸವನ್ನೂ ಸೇರಿಸಿದೆ.

ಮ್ಯಾನೇಜರ್ ಒಳಗೆ ಕರೆದು ಬಾಗಿಲು ಹಾಕಿದರು. “ಕ್ಲೈಂಟ್‌ನ ಯಾಕ್ರೀ ಹಾಕಿದ್ರಿ ಇದ್ರಲ್ಲಿ? ನನಗೊಬ್ಬನಿಗೆ ಹೇಳಿದ್ರೆ ಹ್ಯಾಂಡಲ್ ಮಾಡ್ತಿದ್ದೆ.”

“ಅದಕ್ಕೇ ಸಾರ್” ಎಂದೆ.

ಆ ವಾರವೇ ನನ್ನನ್ನು ಲೀಡ್ ಜಾಗದಿಂದ ತೆಗೆದರು. ಪರಿಶೀಲಕಿಗೆ ವಾಪಸ್ಸು ಬನ್ನಿ ಎಂದು ಫೋನ್ ಮಾಡಿದರು. ಅವರು ಬರಲಿಲ್ಲ. ಕಮ್ಮನಹಳ್ಳಿಯಲ್ಲಿ ಪಠ್ಯಪುಸ್ತಕಗಳ ಪ್ರೂಫ್ ನೋಡುವ ಕೆಲಸ ಸಿಕ್ಕಿತ್ತು, ಸಂಬಳ ನಮ್ಮಲ್ಲಿಗಿಂತ ಕಡಿಮೆ.

ಇತಿಹಾಸಕಾರರು ಮೇಲ್‌ಗೆ ಉತ್ತರಿಸಲಿಲ್ಲ. ಮಂಗಳವಾರದ ಕಾಲ್‌ಗೆ ಎಂದಿನಂತೆ ಬಂದರು, ಕೈಯಲ್ಲಿ ಸ್ಯಾಂಡ್‌ವಿಚ್ ಇರಲಿಲ್ಲ. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದರು. ಸೊನ್ನೆಯ ವಿಷಯ ಹೇಳಿದೆ. ಅಂಚೆಯಲ್ಲಿ ವಿಳಾಸ ಓದಲು ಬರದ ಕಾಗದವನ್ನೂ ನಾವು ಎಸೆಯುತ್ತಿರಲಿಲ್ಲ ಎಂದರು. ಆಮೇಲೆ ಕೆಲಸದ ಮಾತಿಗೆ ಹೊರಳಿದರು.

ಸಂಖ್ಯೆಗಳನ್ನು ಮತ್ತೆ ಹಾಕಬೇಕು ಎಂದು ಅವರು ಕ್ಲಬ್ಬಿನ ಸಮಿತಿಯ ಮುಂದೆ ವಾದಿಸಿದರು. ನಾನು ಅವರಿಗೆ ಎರಡು ಬಗೆಯ ಪಟ್ಟಿ ತಯಾರಿಸಿ ಕೊಟ್ಟೆ. ಆದರೆ ಅಷ್ಟು ಹೊತ್ತಿಗೆ ಪ್ರಮಾಣಪತ್ರಗಳು ಮನೆಮನೆಯ ಗೋಡೆ ಸೇರಿದ್ದವು. ಜೆರ್ಸಿಗಳ ಮೇಲೆ ಹೊಲಿಗೆ ಬಿದ್ದಿತ್ತು. ಮುಂಗೈಯ ಹಚ್ಚೆಯವನು ಇದ್ದ. ಪ್ರಮಾಣಪತ್ರ ಪಡೆದ ಮೇಲೆ ತೀರಿಕೊಂಡ ಒಬ್ಬರ ಸಮಾಧಿಯ ಮೇಲೂ ಸಂಖ್ಯೆ ಕೆತ್ತಿಸಿದ್ದರಂತೆ. ಸಮಿತಿ ಒಪ್ಪಲಿಲ್ಲ. ಈಗಿರುವ ಯಾರ ಸಂಖ್ಯೆಯನ್ನೂ ಮುಟ್ಟದೆ ವೇಲ್ಸಿನವನಿಗೆ ‘ಮುನ್ನೂರ ಹದಿನೇಳು ಎ’ ಕೊಡಬೇಕು ಎಂದು ತೀರ್ಮಾನವಾಯಿತು. ನೂರು ವರ್ಷದ ಆ ಪಟ್ಟಿಯಲ್ಲಿ ಅಕ್ಷರದ ಬಾಲವಿರುವ ಸಂಖ್ಯೆ ಅದೊಂದೇ. ಆ ಗುರುವಾರ ನಾನು ಎರಡು ದಿನ ಕೇಳಿದ್ದರೆ ಅವನದು ಮುನ್ನೂರ ಹದಿನೆಂಟು ಆಗಿರುತ್ತಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಈಗ ಅದನ್ನು ಸರಿಪಡಿಸುವ ದಾರಿ ಇಲ್ಲ. ತಪ್ಪೊಪ್ಪಿಕೊಂಡರೆ ಎಲ್ಲ ಮೊದಲಿನಂತಾಗುತ್ತದೆ ಎಂದು ನಾನು ಎಲ್ಲೋ ನಂಬಿಕೊಂಡಿದ್ದೆ ಎನ್ನುವುದು ಆ ತೀರ್ಮಾನ ಬಂದಾಗಲೇ ನನಗೆ ಗೊತ್ತಾದದ್ದು.

ಪ್ರಮಾಣಪತ್ರ ತಲುಪಿದ ಮೇಲೆ ವೇಲ್ಸಿನ ಮಗಳು ಇನ್ನೊಂದು ಮೇಲ್ ಬರೆದರು. ತಂದೆಯ ಹೆಸರನ್ನು ಓದಿ ಕಂಡುಹಿಡಿದ ಹೆಂಗಸಿನ ಜೊತೆ ಒಮ್ಮೆ ಮಾತಾಡಬೇಕು ಎಂದು ಕೇಳಿದ್ದರು. ನಾನು ಪರಿಶೀಲಕಿಗೆ ಫೋನ್ ಮಾಡಿ ಹೇಳಿದೆ. ಅವರು ಯೋಚಿಸಿ, “ಭಾನುವಾರ ಮನೆಯಿಂದ ಮಾತಾಡ್ತೀನಿ. ನೀವೂ ಬನ್ನಿ ಸಾರ್. ಅಚ್ಚಾಗಿರೋ ಇಂಗ್ಲಿಷ್ ಬೇರೆ. ಆ ಕಡೆಯೋರು ಮಾತಾಡೋದು ನನಗೆ ಅಷ್ಟು ಬೇಗ ಅರ್ಥ ಆಗಲ್ಲ” ಎಂದರು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಹಲಸೂರಿನ ಆ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಪರಿಶೀಲಕಿ, ಅವರ ಪಕ್ಕದಲ್ಲಿ ನಾನು, ಹಿಂದೆ ಅವರ ತಂದೆ ಕೂತೆವು. ಪರದೆಯ ಮೇಲೆ ಬಿಳಿ ಕೂದಲಿನ, ಚುರುಕು ಕಣ್ಣಿನ ಮುದುಕಿ. ಅವರು ವೇಗವಾಗಿ, ಹಾಡಿನ ಹಾಗೆ ಏರಿಳಿಸಿ ಮಾತಾಡುತ್ತಿದ್ದರು. ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತಂದು ಹೇಳಿದೆ. ಪರಿಶೀಲಕಿ ಅಕ್ಷರಗಳನ್ನು ಅಂಟಿಸಿದ ಹಾಳೆಯ ಬಗ್ಗೆ ಹೇಳಿದಾಗ ಮುದುಕಿ ಕಣ್ಣು ಒರೆಸಿಕೊಂಡು ನಕ್ಕರು. ತಂದೆಯ ಕೈಬರಹವೂ ಹಾಗೇ ಕೆಟ್ಟದಿತ್ತು ಎಂದರು. ಆಮೇಲೆ ಪ್ರಮಾಣಪತ್ರವನ್ನು ಕ್ಯಾಮೆರಾದ ಹತ್ತಿರ ಹಿಡಿದು, ಸಂಖ್ಯೆಯ ಮೇಲೆ ಬೆರಳಿಟ್ಟು ಏನೋ ಕೇಳಿದರು.

“ಏನಂದ್ರು ಸಾರ್?”

“ಈ ‘ಎ’ ಯಾಕಿದೆ ಅಂತ ಕೇಳ್ತ ಇದ್ದಾರೆ. ಕ್ಲಬ್‌ನವರು ಆಫೀಸಿನ ಕಣ್ತಪ್ಪು ಅಂತ ಹೇಳಿದ್ರಂತೆ.”

ಪರಿಶೀಲಕಿ ಲ್ಯಾಪ್‌ಟಾಪನ್ನು ನನ್ನ ಕಡೆಗೆ ಸರಿಸಿದರು. “ಅದನ್ನ ನೀವೇ ಹೇಳಿ ಸಾರ್.”

ಹೇಳಿದೆ. ಇಂಗ್ಲಿಷಿನಲ್ಲಿ, ನಾಲ್ಕು ವಾಕ್ಯದಲ್ಲಿ. ಮುಗಿಸಿದಾಗ ಮುದುಕಿ ಕಿವಿಯ ಹಿಂದೆ ಕೈ ಇಟ್ಟುಕೊಂಡು ಪರದೆಗೆ ಬಾಗಿದರು. ದನಿ ತುಂಡು ತುಂಡಾಗಿತ್ತು, ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಪ್ಪ ಎಂದರು. ಎರಡನೆಯ ಸಲ ಗಟ್ಟಿಯಾಗಿ, ನಿಧಾನಕ್ಕೆ, ಒಂದೊಂದೇ ಪದ ಬಿಡಿಸಿ ಹೇಳಬೇಕಾಯಿತು. ಹೆಸರು ಸ್ಪಷ್ಟವಾಗಿತ್ತು. ಈಕೆ ಓದಿದ್ದರು. ಓದಲಾಗದು ಎಂದು ಬರೆಯಿರಿ ಎಂದವನು ನಾನು. ಸೋಮವಾರದವರೆಗೆ ಕಾಯಬಹುದಿತ್ತು, ಕಾಯಲಿಲ್ಲ.

ಈ ಸಲ ಕೇಳಿಸಿತು. ಮುದುಕಿ ಪ್ರಮಾಣಪತ್ರವನ್ನು ಮಡಿಲಿಗೆ ಇಳಿಸಿದರು. ಬೈಯಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ. ನನ್ನ ಕಡೆ ನೋಡದೆ, ಮೆಲ್ಲಗೆ ಒಂದು ಮಾತು ಹೇಳಿದರು.

“ಏನಂದ್ರು?” ಪರಿಶೀಲಕಿ ನನ್ನ ಕಡೆ ತಿರುಗಿದರು. ಹಿಂದೆ ಅವರ ತಂದೆಯೂ ಕಾಯುತ್ತಿದ್ದರು.

“ನಿಜವಾಗ್ಲೂ ಓದಕ್ಕೆ ಬರದೇ ಇದ್ದಿದ್ರೆ ಚೆನ್ನಾಗಿತ್ತು ಅಂತಾರೆ” ಎಂದೆ. “ನಮ್ಮಪ್ಪನ್ನ ಯಾರೋ ಓದಿ, ಆಮೇಲೆ ಬೇಡ ಅಂದ್ರು ಅಂತ ಗೊತ್ತಾಗೋದಕ್ಕಿಂತ.”